ಚಟ ಬಿಡಿಸಲು ಕಿವಿಗೆ ಸೂಜಿ: ಒಪ್ಪುವ ಮುನ್ನ ನೋಡಬೇಕಾದದ್ದು

ಮನೆಯವರೊಬ್ಬರ ಮಾದಕ ವ್ಯಸನಕ್ಕೆ ಅಕ್ಯುಪಂಕ್ಚರ್ ಮಾಡಿಸುವ ಆಲೋಚನೆಯಿದ್ದರೆ, ಚಿಕಿತ್ಸೆ ಕೊಡುವವರನ್ನು ಮೊದಲು ಕೇಳಬೇಕಾದದ್ದು ಇಷ್ಟೇ: ಔಷಧಿಯ ಜೊತೆಗೆ ಸೂಜಿಯೋ, ಔಷಧಿಯ ಬದಲಿಗೆ ಸೂಜಿಯೋ? ಬದಲಿಗೆ ಎಂದರೆ ಅಲ್ಲಿಂದ ಎದ್ದು ಬನ್ನಿ.

1970ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನ ನರಶಸ್ತ್ರವೈದ್ಯ ಎಚ್. ಎಲ್. ವೆನ್ ನೋವು ತಡೆಯಲೆಂದು ಸೂಜಿಗಳ ಮೂಲಕ ವಿದ್ಯುತ್ ಹಾಯಿಸುತ್ತಿದ್ದಾಗ, ಅಫೀಮಿನ ಚಟವಿದ್ದ ರೋಗಿಗಳಿಗೆ ಅದು ಸಿಗದಾಗಿನ ಸಂಕಟವೂ ತಗ್ಗಿದ್ದು ಕಂಡುಬಂತು. ನ್ಯೂಯಾರ್ಕ್‌ನ ಲಿಂಕನ್ ಆಸ್ಪತ್ರೆಯಲ್ಲಿ ಇದು ವಿದ್ಯುತ್ತಿಲ್ಲದೆ, ಪ್ರತಿ ಕಿವಿಗೆ ಐದು ಸೂಜಿ ಚುಚ್ಚಿ ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಕೂರಿಸುವ ಕ್ರಮವಾಗಿ ಬೆಳೆಯಿತು.

ಪರಿಣಾಮದ ಮಾತಿಗೆ ಬಂದರೆ, 2000ದಲ್ಲಿ ಪ್ರಕಟವಾದ 82 ಮಂದಿಯ ಅಧ್ಯಯನವೊಂದು ಆಸೆ ಹುಟ್ಟಿಸಿತ್ತು. ಆದರೆ 2002ರಲ್ಲಿ ಪ್ರಕಟವಾದ, ಅಮೆರಿಕದ ಆರು ಕಡೆ 620 ಕೊಕೇನ್ ವ್ಯಸನಿಗಳ ಮೇಲೆ ಎಂಟು ವಾರ ನಡೆದ ಪರೀಕ್ಷೆಯಲ್ಲಿ ನಿಗದಿತ ಬಿಂದುಗಳಿಗೆ ಚುಚ್ಚಿಸಿಕೊಂಡವರು, ಕಿವಿಯ ಬೇರೆಡೆ ಚುಚ್ಚಿಸಿಕೊಂಡವರು, ಸೂಜಿಯೇ ಇಲ್ಲದೆ ಮನಸ್ಸು ಹಗುರಾಗಿಸುವ ವಿಡಿಯೊ ನೋಡಿದವರು, ಈ ಮೂರೂ ಗುಂಪುಗಳ ಮೂತ್ರ ಪರೀಕ್ಷೆಯ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸೂಜಿಯಿಂದಲೇ ಚಟ ಬಿಡುತ್ತದೆಂಬ ಭರವಸೆಯನ್ನು ನಂಬಬಾರದು. ಅಷ್ಟು ಹೊತ್ತು ಕೂತಾಗ ಸಿಗುವ ನೆಮ್ಮದಿ ಸುಳ್ಳಲ್ಲ, ಆದರೆ ನೆಮ್ಮದಿಯೇ ಬೇರೆ, ಬಿಡುಗಡೆಯೇ ಬೇರೆ.

ಯಾವ ವಸ್ತುವಿನ ಚಟ ಎಂಬುದರ ಮೇಲೆ ಅಪಾಯ ನಿಂತಿದೆ. ಮದ್ಯ ಅಥವಾ ನಿದ್ರೆಮಾತ್ರೆಯನ್ನು ದೀರ್ಘಕಾಲ ಬಳಸಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮತ್ತು ಬುದ್ಧಿಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಅವರಿಗೆ ಮೊದಲು ವೈದ್ಯರ ನಿಗಾ ಬೇಕು. ಹೆರಾಯಿನ್ ಚಟಕ್ಕೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಿ ತೆಗೆದುಕೊಳ್ಳುತ್ತಿರುವವರು ಸೂಜಿಯನ್ನು ನಂಬಿ ಅದನ್ನು ನಿಲ್ಲಿಸಲೇಬಾರದು. ಕೆಲವು ವಾರ ಬಿಟ್ಟ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲವಾದ್ದರಿಂದ, ಮತ್ತೆ ಜಾರಿದಾಗ ಅದೇ ಪ್ರಮಾಣ ಪ್ರಾಣ ತೆಗೆಯಬಹುದು.

ಇಷ್ಟು ತಿಳಿದೂ ಜೊತೆಗೊಂದು ಆಸರೆಯಾಗಿ ಮಾಡಿಸುವುದಾದರೆ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಮುಂಚೆಯೇ ತಿಳಿಸಿ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಹೆಪಟೈಟಿಸ್ ಮತ್ತು ಎಚ್‌ಐವಿಯ ಭಯ ಇಲ್ಲಿ ಸಣ್ಣದಲ್ಲ. ಚುಚ್ಚಿದ್ದು ಹತ್ತಾದರೆ ತೆಗೆದದ್ದೂ ಹತ್ತಿರಬೇಕು, ಎಣಿಸಿ ನೋಡಿ. ಕಿವಿ ಕೆಂಪಾಗಿ ಊದಿಕೊಂಡರೆ ಮೃದ್ವಸ್ಥಿಗೆ ಸೋಂಕು ತಗಲಿರಬಹುದಾದ್ದರಿಂದ ಅಂದೇ ವೈದ್ಯರಿಗೆ ತೋರಿಸಿ.

ಎಲ್ಲಿಂದ ಆರಂಭಿಸಬೇಕೆಂದು ತೋಚದವರು ಕೇಂದ್ರ ಸರ್ಕಾರದ ಶುಲ್ಕರಹಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.