ಬಾಡಿಗೆ ಕಾರಿನಲ್ಲಿ ಮೂರು ರಾಜ್ಯ: ಕಾಸರಗೋಡಿನಿಂದ ಊಟಿಗೆ ಹೊರಡುವ ಮುನ್ನ

ಕಾಸರಗೋಡಿನವರಿಗೆ ಗಡಿ ದಾಟುವುದು ದೊಡ್ಡ ಸಂಗತಿಯೇ ಅಲ್ಲ. ಆಸ್ಪತ್ರೆಗೆ ಮಂಗಳೂರು, ನೆಂಟರ ಮನೆಗೆ ಪುತ್ತೂರು, ಪೆಟ್ರೋಲಿಗೆ ತಲಪಾಡಿಯ ಆಚೆ. ಹಾಗಾಗಿ ರಜೆಯಲ್ಲಿ ಬಾಡಿಗೆ ಕಾರು ಹಿಡಿದು ಊಟಿಗೆ ಹೊರಡುವವರು ಹೋಟೆಲ್ ಬುಕ್ ಮಾಡುತ್ತಾರೆ, ಕಾಗದ ಪತ್ರ ನೋಡುವುದಿಲ್ಲ. ಸ್ವಂತ ಕಾರಾದರೆ ಹೇಗೋ ನಡೆಯುತ್ತದೆ. ಬಾಡಿಗೆ ಕಾರಿನದ್ದು ಬೇರೆಯೇ ಲೆಕ್ಕ, ಅದೂ ಕೇರಳ, ಕರ್ನಾಟಕ, ತಮಿಳುನಾಡು ಮೂರನ್ನೂ ಸುತ್ತುವುದಾದರೆ.

ಮೊದಲು ನಂಬರ್ ಪ್ಲೇಟ್ ನೋಡಿ

ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಹಳದಿ ಪ್ಲೇಟು, ಕಪ್ಪು ಅಕ್ಷರ ಇದ್ದರೆ ಅದು ಡ್ರೈವರ್ ಸಮೇತ ಬರುವ ಟ್ಯಾಕ್ಸಿ. ಬಿಳಿ ಪ್ಲೇಟು ಖಾಸಗಿ ಕಾರು. ನಮ್ಮೂರುಗಳಲ್ಲಿ 'ಪರಿಚಯದವರದ್ದು, ದಿನಕ್ಕೆ ಇಷ್ಟು ಕೊಟ್ಟರೆ ಸಾಕು' ಎಂದು ಸಿಗುವುದು ಹೆಚ್ಚಾಗಿ ಈ ಬಿಳಿ ಪ್ಲೇಟಿನ ಗಾಡಿಯೇ. ಬಾಡಿಗೆ ಕಡಿಮೆ ಅನ್ನುವುದೇನೋ ಸರಿ. ಆದರೆ ಖಾಸಗಿ ಕಾರಿನ ವಿಮೆ ಬಾಡಿಗೆಗೆ ಓಡಿಸಲು ಮಾಡಿಸಿದ್ದಲ್ಲ. ಘಾಟಿಯಲ್ಲಿ ಎಲ್ಲಾದರೂ ಗುದ್ದಿದರೆ ವಿಮಾ ಕಂಪನಿ ಕೈ ಎತ್ತಬಹುದು. ಆಮೇಲೆ ಕಾರಿನ ಯಜಮಾನರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

1989ರ ರೆಂಟ್ ಎ ಕ್ಯಾಬ್ ಯೋಜನೆಯಂತೆ ಕಾರು ಬಾಡಿಗೆಗೆ ಕೊಡುವ ಲೈಸೆನ್ಸ್ ಪಡೆಯಲು ಕನಿಷ್ಠ 50 ಕಾರು ಇರಬೇಕು. ಅಂಗಳದಲ್ಲಿ ಮೂರು ಕಾರು ನಿಲ್ಲಿಸಿಕೊಂಡು ಬಾಡಿಗೆಗೆ ಕೊಡುವವರ ಬಳಿ ಆ ಲೈಸೆನ್ಸ್ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಕಾಸರಗೋಡಿಗಿಂತ ಮಂಗಳೂರಿನಲ್ಲಿ ಆಯ್ಕೆ ಜಾಸ್ತಿ. ಅಲ್ಲಿಂದ ಕಾರು ತಂದರೆ ತಲಪಾಡಿಯ ಟೋಲನ್ನೂ ಖರ್ಚಿಗೆ ಸೇರಿಸಿಕೊಳ್ಳಿ.

ಕರಾರು ಪತ್ರದಲ್ಲಿ ಮೂರು ರಾಜ್ಯದ ಹೆಸರಿರಲಿ

'ಎಲ್ಲಿ ಬೇಕಾದರೂ ಹೋಗಬಹುದು ಸರ್' ಎಂಬ ಬಾಯಿಮಾತು ಸಾಲದು. ಹೋಗುವ ರಾಜ್ಯಗಳ ಹೆಸರು ಕರಾರಿನಲ್ಲಿ ಬರಬೇಕು. ಸರದಿಯಲ್ಲಿ ಕಾರು ಓಡಿಸುವ ಭಾವನ ಹೆಸರೂ ಬರಬೇಕು. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಖರ್ಚೆಲ್ಲ ನಿಮ್ಮ ತಲೆಗೇ ಕಟ್ಟಬಹುದು. ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇವುಗಳ ಅವಧಿ ವಾಪಸ್ ಬರುವ ದಿನದವರೆಗೆ ಇದೆಯೇ ನೋಡಿ. ಯಾವುದಾದರೂ ರಾಜ್ಯಕ್ಕೆ ಬೇರೆ ತೆರಿಗೆ ಕಟ್ಟಬೇಕೇ, ಕಟ್ಟುವವರು ಯಾರು ಎಂದೂ ಈಗಲೇ ಕೇಳಿ. ನಿಮ್ಮ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಇದ್ದರೆ ನಡೆಯುತ್ತದೆ. ಆದರೆ ಕಾಡಿನ ನಡುವೆ ನೆಟ್‌ವರ್ಕ್ ಸಿಗದು, ಕಾರ್ಡನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ವಿಮೆ 'ಫುಲ್' ಅಂದ ಮಾತ್ರಕ್ಕೆ ಎಲ್ಲವೂ ಬಂತು ಅಂತಲ್ಲ. ಟಯರು, ಗಾಜು, ಗಾಡಿಯ ಅಡಿಭಾಗ, ನೀರು ಹೊಕ್ಕು ಕೆಟ್ಟ ಇಂಜಿನ್ ಇವನ್ನು ಹೊರಗಿಟ್ಟಿರುತ್ತಾರೆಯೇ? ಡ್ಯಾಮೇಜ್ ಆದರೆ ನಿಮ್ಮ ಪಾಲು ಎಷ್ಟು? ಎರಡಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೊರಡುವವರಂತೂ ನೀರಿನ ಪ್ರಶ್ನೆ ಬಿಡಲೇಬೇಡಿ.

ಕಿಲೋಮೀಟರ್ ಲೆಕ್ಕ

ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾರಿಯಲ್ಲಿ ಮಡಿಕೇರಿಗೆ ಸುಮಾರು 110 ಕಿ.ಮೀ. ಅಲ್ಲಿಂದ ಮೈಸೂರಿಗೆ ಸುಮಾರು 120. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಮೂಲಕ ಊಟಿಗೆ 160ರ ಆಸುಪಾಸು. ವಾಪಸ್ ಬರುವಾಗ ಗೂಡಲೂರಿನಿಂದ ಸುಲ್ತಾನ್ ಬತ್ತೇರಿಗೆ ಇಳಿದು, ವಯನಾಡು, ಕಣ್ಣೂರು ದಾಟಿ ಬಂದರೆ 330ರಷ್ಟು. ಒಟ್ಟು 720. ದಿನಕ್ಕೆ 250 ಕಿ.ಮೀ. ಮಿತಿ ಹಾಕಿದ ಪ್ಯಾಕೇಜಾದರೆ ಮೂರು ದಿನಕ್ಕೆ 750. ದೊಡ್ಡಬೆಟ್ಟ, ಕೂನೂರು ಅಂತ ಒಂದು ಸುತ್ತು ಹಾಕಿದರೂ ಮಿತಿ ದಾಟಿತು, ಮೇಲಿನ ಪ್ರತಿ ಕಿಲೋಮೀಟರಿಗೆ ಬೇರೆ ದರ. ನಾಲ್ಕು ದಿನ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಮೈಸೂರಿನಲ್ಲೊಂದು ರಾತ್ರಿ, ಊಟಿಯಲ್ಲಿ ಎರಡು.

ಪಾಣತ್ತೂರು, ಕರಿಕೆ, ಭಾಗಮಂಡಲದ ದಾರಿ ಬಲು ಚೆಂದ, ಆಸೆಯಾಗುವುದು ಸಹಜ. ಆದರೆ ಅಗಲ ಕಡಿಮೆ, ತಿರುವು ಹೆಚ್ಚು. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯವೂ ಇದೆ. ಕೈಗೆ ಒಗ್ಗದ ಬಾಡಿಗೆ ಕಾರಿನಲ್ಲಿ ಸುಮ್ನೆ ಯಾಕೆ ಬೇಕು ಮಾರಾಯ್ರೆ, ಜಾಲ್ಸೂರು ದಾರಿಯೇ ಸಾಕು.

ಕಾಡಿನ ಗೇಟು ಯಾರಿಗೂ ಕಾಯುವುದಿಲ್ಲ

ಇಡೀ ಪ್ರಯಾಣದ ಸಮಯ ನಿರ್ಧಾರವಾಗುವುದು ಇಲ್ಲಿ. ಬಂಡೀಪುರದ ಎರಡೂ ಹೆದ್ದಾರಿಗಳು, ಅಂದರೆ ಗುಂಡ್ಲುಪೇಟೆಯಿಂದ ಊಟಿಗೆ ಹೋಗುವುದು ಮತ್ತು ಸುಲ್ತಾನ್ ಬತ್ತೇರಿಗೆ ಹೋಗುವುದು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಿಂದ ಈ ನಿರ್ಬಂಧ ಇದೆ. ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ರಾತ್ರಿಯೇ ವಯನಾಡು ಸೇರಬೇಕಾದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಬಳಸಿಕೊಂಡು ಹೋಗಬೇಕು.

ಮೈಸೂರಿನಿಂದ ಬೆಳಿಗ್ಗೆಯೇ ಹೊರಟರೆ ಈ ತಲೆನೋವಿಲ್ಲ. ಕಾಡಿನೊಳಗೆ ಕಾರು ನಿಲ್ಲಿಸಿ ಆನೆಯ ಜೊತೆ ಸೆಲ್ಫಿ ತೆಗೆಯಬೇಡಿ. ಅರಣ್ಯ ಇಲಾಖೆ ದಂಡ ಹಾಕಿದರೆ ಅದು ಕಾರಿನ ನಂಬರಿಗೆ ಬೀಳುತ್ತದೆ. ಆನೆ ಅಟ್ಟಿಸಿಕೊಂಡು ಬಂದರೆ ಏನು ಬೀಳುತ್ತದೆ ಎಂದು ಹೇಳಬೇಕಿಲ್ಲ ಅಲ್ವಾ? ಮಸಿನಗುಡಿಯಿಂದ ಕಲ್ಲಟ್ಟಿ ಮೂಲಕ ಊಟಿಗೆ ಹತ್ತುವ 36 ಹೇರ್‌ಪಿನ್ ತಿರುವುಗಳ ಅಡ್ಡದಾರಿಯನ್ನು ಮ್ಯಾಪ್ ತೋರಿಸುತ್ತದೆ. ಅದೂ ಬೇಡ, ಗೂಡಲೂರು ದಾರಿ ಹಿಡಿಯಿರಿ.

ಇ-ಪಾಸಿಗೆ ಕಾರಿನ ನಂಬರ್ ಬೇಕು

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ದಿನಕ್ಕೆ 6000 ಗಾಡಿ, ವಾರಾಂತ್ಯದಲ್ಲಿ 8000 ಎಂಬ ಮಿತಿಯನ್ನೂ ಹಾಕಿದರು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಪಾಸ್ ಪುಕ್ಕಟೆ ಸಿಗುತ್ತದೆ.

ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಅಂದರೆ, ಅರ್ಜಿಯಲ್ಲಿ ಕಾರಿನ ನಂಬರ್ ತುಂಬಿಸಬೇಕು. ಬಾಡಿಗೆಗೆ ಕೊಡುವವರು ಯಾವ ಕಾರು ಎಂದು ಹೇಳುವುದೇ ಹೊರಡುವ ದಿನ ಬೆಳಿಗ್ಗೆ. ಎರಡು ದಿನ ಮೊದಲೇ ನಂಬರ್ ಕೇಳಿ ಪಡೆಯಿರಿ. ಕೊನೆಯ ಗಳಿಗೆಯಲ್ಲಿ ಕಾರು ಬದಲಿಸಿದರೆ ಪಾಸನ್ನೂ ಹೊಸದಾಗಿ ಮಾಡಿಸಿ. ಒಂದು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನೀಲಗಿರಿಯಲ್ಲಿ ನಿಷೇಧ ಇದೆ, ಸ್ಟೀಲ್ ಬಾಟಲಿ ಒಯ್ಯಿರಿ.

ಕೀ ಕೈಗೆ ಬರುವ ಮೊದಲು

ಬೆಳಕಿನಲ್ಲಿ ಕಾರಿನ ಸುತ್ತ ನಡೆದು ವಿಡಿಯೋ ಮಾಡಿ. ಬಂಪರಿನ ಕೆಳಗಿನ ಗೀರು, ವೀಲ್ ಅಂಚು, ಗಾಜಿನ ಚುಕ್ಕೆ, ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರ್ ಎಲ್ಲವೂ ಬರಲಿ. ಡಿಕ್ಕಿ ತೆಗೆದು ಸ್ಟೆಪ್ನಿಗೆ ಗಾಳಿ ಇದೆಯೇ, ಜಾಕ್ ಇದೆಯೇ ನೋಡಿ. ಫಾಸ್ಟ್ಯಾಗ್ ಬ್ಯಾಲೆನ್ಸ್ ಕೇಳಿ. ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐಯಲ್ಲಿ ಒಂದೂಕಾಲು ಪಟ್ಟು, ನಗದಿನಲ್ಲಿ ಎರಡು ಪಟ್ಟು ಟೋಲ್ ಎಂಬ ನಿಯಮ 2025ರ ನವೆಂಬರ್ 15ರಂದು ಬಂತು. ಖಾಸಗಿ ಕಾರಿಗೆ ಸಿಗುವ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಾಡಿಗೆ ಗಾಡಿಗೆ ನಡೆಯದು. ಮನೆಯ ಕಾರಿನ ಪಾಸ್ ನೆನೆದು ಟೋಲ್ ಖರ್ಚು ಬಿಟ್ಟುಬಿಡಬೇಡಿ.

ವಾಪಸ್ ಬರುವಾಗ

ಕರ್ನಾಟಕದಲ್ಲೋ ತಮಿಳುನಾಡಿನಲ್ಲೋ ಕೊಂಡ ಮದ್ಯದ ಬಾಟಲಿ ಡಿಕ್ಕಿಯಲ್ಲಿ ಉಳಿಯಬಾರದು. ಅದನ್ನು ಕೇರಳಕ್ಕೆ ತರುವುದು ಅಬಕಾರಿ ಅಪರಾಧ, ಚೆಕ್‌ಪೋಸ್ಟಿನಲ್ಲಿ ಸಿಕ್ಕಿದರೆ ಕಾರೇ ಹೋಗಬಹುದು. ಬೇರೆಯವರ ಕಾರು ಅನ್ನುವುದು ನೆನಪಿರಲಿ. ಕೇರಳದ 726 ಎಐ ಕ್ಯಾಮೆರಾಗಳು 2023ರ ಜೂನ್ 5ರಿಂದ ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ಹಾಕದ್ದಕ್ಕೆ ಮೋಟಾರು ಕಾಯ್ದೆಯಲ್ಲಿ 1000 ರೂಪಾಯಿ ದಂಡ. ಚಲನ್ ಮೆಸೇಜು ಹೋಗುವುದು ನಿಮಗಲ್ಲ, ಕಾರಿನ ಮಾಲೀಕರಿಗೆ. ಅದಕ್ಕೇ ಹೆಚ್ಚಿನವರು ಕಾರು ಒಪ್ಪಿಸಿದ ಮೇಲೂ ಡಿಪಾಸಿಟ್ ಸ್ವಲ್ಪ ದಿನ ಹಿಡಿದಿಡುತ್ತಾರೆ. ಎಷ್ಟು ದಿನ ಎಂಬುದು ಕರಾರಿನಲ್ಲಿರಲಿ. ಹಣ ಹಿಡಿದರೆ ಚಲನ್ ನಂಬರ್ ಕೇಳಿ, ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೀವೇ ತೆಗೆದು ನೋಡಿ. ದಿನಾಂಕ, ಸಮಯ, ಜಾಗ ಅದರಲ್ಲಿರುತ್ತದೆ. ನೀವು ಬತ್ತೇರಿಯಲ್ಲಿದ್ದ ದಿನ ಉಪ್ಪಳದಲ್ಲಿ ಬಿದ್ದ ದಂಡಕ್ಕೆ ನೀವು ಹಣ ಕೊಡಬೇಕಾಗಿಲ್ಲ.