ರಿವರ್ಸ್ ಲೈಟಿನ ವೈರಿಗೆ ಕೈ ಹಾಕಿದ ಕತೆ

ತುಮಕೂರಿನ ಬಟವಾಡಿಯಲ್ಲಿ ನಮ್ಮ ಗಲ್ಲಿಗೆ ಕಾರು ಬಂದರೆ ಬೈಕಿಗೂ ಜಾಗ ಉಳಿಯಲ್ಲ. ರಿವರ್ಸಿನಲ್ಲೇ ಹೊರಗೆ ಬರಬೇಕು. ಪಕ್ಕದ ಮನೆಯ ಗೇಟಿನ ಕಂಬಕ್ಕೆ ಎರಡು ಸಲ ಬಂಪರ್ ಉಜ್ಜಿದ ಮೇಲೆ ಒಂದು ರಿವರ್ಸ್ ಕ್ಯಾಮೆರಾ ತಂದೆ.

ಕ್ಯಾಮೆರಾ ಕೂರಿಸುವುದು ಸುಲಭ. ಕರೆಂಟ್ ಎಲ್ಲಿಂದ ಕೊಡುವುದು? ರಿವರ್ಸ್ ಗೇರ್ ಬಿದ್ದಾಗ ಮಾತ್ರ 12 ವೋಲ್ಟ್ ಬರುವ ಜಾಗ ರಿವರ್ಸ್ ಲೈಟ್. ನಮ್ಮ ಕಾರಿನದು 21 ವ್ಯಾಟಿನ ಬಲ್ಬ್, ಅಂದರೆ ಸುಮಾರು 1.75 ಆಂಪಿಯರ್. ಕ್ಯಾಮೆರಾಗೆ ಅದರಲ್ಲಿ ಹತ್ತನೇ ಒಂದು ಪಾಲು ಸಾಕು. ಹಾಗಾಗಿ ಅಲ್ಲಿಂದ ಎಳೆದರೆ ಫ್ಯೂಸಿಗೆ ಭಾರ ಆಗಲ್ಲ.

ಒಂದು ಭಾನುವಾರ ಎಡಗಡೆ ಲೈಟ್ ಬಿಚ್ಚಿದೆ. ಒಳಗೆ ರಿವರ್ಸ್ ಬಲ್ಬೇ ಇಲ್ಲ! ಎಷ್ಟೋ ಕಾರುಗಳಲ್ಲಿ ಅದು ಒಂದೇ ಕಡೆ ಇರುತ್ತದೆ. ಬಿಚ್ಚುವ ಮೊದಲು ಗೇರ್ ಹಾಕಿ, ಹಿಂದೆ ಹೋಗಿ ನೋಡಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಬಲಗಡೆ ಬಿಚ್ಚಿದಾಗ ಐದಾರು ವೈರ್. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೆಂಡತಿಯನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ.

“ರೀ, ಗೇರ್ ಹಾಕಿದೀನಿ ನೋಡಿ.”

ವೋಲ್ಟ್ ಅಳೆಯುವ ಮಲ್ಟಿಮೀಟರ್ ಸೊನ್ನೆ ತೋರಿಸಿತು. ಆಮೇಲೆ ಗೊತ್ತಾಯಿತು, ಕೀ ಆನ್ ಮಾಡೇ ಇಲ್ಲ. ಕೀ ಆನ್ ಆಗಬೇಕು, ಎಂಜಿನ್ ಆಫ್ ಇರಬೇಕು. ಈ ಸಲ ಒಂದು ವೈರಿನಲ್ಲಿ 12.3 ತೋರಿಸಿತು. ಅಷ್ಟಕ್ಕೇ ನಂಬಲಿಲ್ಲ. ಗೇರ್ ತೆಗೆಸಿ ಬ್ರೇಕ್ ಒತ್ತಿಸಿದೆ, ಪಾರ್ಕಿಂಗ್ ಲೈಟ್, ಇಂಡಿಕೇಟರ್ ಎಲ್ಲಾ ಹಾಕಿಸಿದೆ. ರಿವರ್ಸಿನಲ್ಲಿ ಮಾತ್ರ ಜೀವ ಬರುವ ವೈರೇ ಬೇಕು. ವೈರಿನ ಬಣ್ಣ ನೋಡಿ ನಿರ್ಧಾರ ಮಾಡಬೇಡಿ, ಪ್ರತಿ ಕಂಪನಿಯದೂ ಬೇರೆ ಬೇರೆ.

ಇಲ್ಲಿ ಸೋಮಾರಿತನ ಮಾಡಿದೆ. ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತದಲ್ಲ, ಇಕ್ಕಳದಲ್ಲಿ ಒತ್ತಿದರೆ ಒಳಗಿನ ತಗಡು ವೈರ್ ಸೀಳಿ ಕೂರುತ್ತದೆ, ಅದನ್ನೇ ಹಾಕಿದೆ. ಎರಡು ನಿಮಿಷದ ಕೆಲಸ. ಮಳೆಗಾಲ ಶುರುವಾದ ಮೇಲೆ ಕ್ಯಾಮೆರಾ ಕಣ್ಣು ಮಿಟುಕಿಸತೊಡಗಿತು. ಕ್ಲಿಪ್ ಬಿಡಿಸಿದರೆ ತಾಮ್ರದ ಎಳೆಗಳಲ್ಲಿ ಅರ್ಧ ತುಂಡಾಗಿತ್ತು, ಉಳಿದವಕ್ಕೆ ಹಸಿರು ಪುಡಿ ಹತ್ತಿತ್ತು. ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು.

ಎರಡನೇ ಸಲ ಸರಿಯಾಗಿ ಮಾಡಿದೆ. ಮೊದಲು ಬ್ಯಾಟರಿಯ ಮೈನಸ್ ತೆಗೆದೆ, 10ರ ಸ್ಪ್ಯಾನರ್ ಸಾಕು. ಹಸಿರಾದ ಭಾಗ ಕತ್ತರಿಸಿ, ಎರಡು ತುದಿಯನ್ನೂ ಹೊಸ ವೈರನ್ನೂ ಸೇರಿಸಿ ಹೊಸೆದು ಸಾಲ್ಡರ್ ಹಾಕಿದೆ. ಹಾಕಿ ಮುಗಿದ ಮೇಲೆ ನೋಡಿದರೆ ಜಾಯಿಂಟ್ ಮುಚ್ಚುವ ಸ್ಲೀವ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಮೇಜಿನ ಮೇಲೇ ಇದೆ. ಮೊದಲೇ ವೈರಿಗೆ ತೂರಿಸಿ ದೂರ ಸರಿಸಿಡಬೇಕಿತ್ತು. ಎಲ್ಲಾ ಬಿಚ್ಚಿ ಇನ್ನೊಂದು ಸಲ. ಒಳಗೆ ಅಂಟು ಇರುವ ಸ್ಲೀವ್ ತಗೊಳ್ಳಿ, ನೀರು ಹೋಗಲ್ಲ. ಹೊಸ ವೈರಿನಲ್ಲಿ, ಜಾಯಿಂಟಿನ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿದೆ. ಮುಂದೆ ಎಲ್ಲಾದರೂ ಶಾರ್ಟ್ ಆದರೆ ಅದು ಹೋಗಲಿ, ಕಾರಿನದು ಉಳಿಯಲಿ. ಕ್ಯಾಮೆರಾದ ಕಪ್ಪು, ಅಂದರೆ ಮೈನಸ್ ವೈರನ್ನು ಬಾಡಿಯ ಬೋಲ್ಟಿಗೆ ಕಟ್ಟಿದೆ. ಬೋಲ್ಟ್ ಕೆಳಗಿನ ಬಣ್ಣ ಕೆರೆಯಲೇಬೇಕು, ಬಣ್ಣದ ಮೂಲಕ ಕರೆಂಟ್ ಹರಿಯಲ್ಲ.

ವಿಡಿಯೊ ಕೇಬಲ್ ಬಾಗಿಲ ಹೊಸ್ತಿಲ ಪಟ್ಟಿ ಕೆಳಗೆ ಮುಂದಕ್ಕೆ ಹೋಯಿತು. ಅಲ್ಲಿ ಹಳದಿ ಕವಚದ ವೈರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಕೇಬಲ್ ಜೊತೆಗೇ ಬರುವ ತೆಳು ಕೆಂಪು ವೈರನ್ನು ಹಿಂದೆ ಅದೇ ಹೊಸ ವೈರಿಗೆ ಫ್ಯೂಸ್ ದಾಟಿದ ಮೇಲೆ, ಮುಂದೆ ಸ್ಕ್ರೀನಿನ ರಿವರ್ಸ್ ವೈರಿಗೆ ಕೊಟ್ಟರೆ ಗೇರ್ ಬಿದ್ದ ತಕ್ಷಣ ಚಿತ್ರ ಬರುತ್ತದೆ.

ಇದನ್ನು ನೋಡಿ ಕಂಬದ ಮನೆಯವರು “ಅಣ್ಣ, ನಮ್ಮದಕ್ಕೂ ಹಾಕಿಕೊಡಿ” ಅಂದರು. ಇಲ್ಲ ಅನ್ನೋಕೆ ಆಗುತ್ತಾ? ಅವರದು ಹೊಸ ಕಾರು, ಎಲ್‌ಇಡಿ ಲೈಟ್. ಕರೆಂಟ್ ಬಿಟ್ಟು ಬಿಟ್ಟು ಬರುತ್ತಿತ್ತು, ಚಿತ್ರ ನಡುಗುತ್ತಿತ್ತು. ಕೆಪಾಸಿಟರ್ ಇರುವ ರಿಲೇ ತಂದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ಇನ್ನೊಂದು ಕರೆಂಟನ್ನು ಆನ್ ಮಾಡುವ ಸ್ವಿಚ್, ಕೆಪಾಸಿಟರ್ ನಡುವಿನ ಬಿಡುವನ್ನು ತುಂಬುತ್ತದೆ. ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ: 86ಕ್ಕೆ ಲೈಟಿನ ವೈರ್, 85ಕ್ಕೆ ಅರ್ಥ್, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಕ್ಯಾಮೆರಾ. ನಡುಕ ನಿಂತಿತು. ವಾರಂಟಿ ಇರುವ ಕಾರಿನ ವೈರ್ ಕತ್ತರಿಸುವುದು ಬೇಡ ಅಂತ ನಾನು ಹೇಳಿದ್ದೆ, ಅವರು ಕೇಳಲಿಲ್ಲ. ಕಂಬಕ್ಕೆ ಮಾತ್ರ ಇನ್ನೂ ಬಣ್ಣ ಹೊಡೆಸಿಲ್ಲ.