ಅಜ್ಜನ ಕೋವಿಯನ್ನು ಕೈಗೆತ್ತಿಕೊಳ್ಳುವ ಮೊದಲು

ಕಾಸರಗೋಡಿನ ತೋಟದ ಮನೆಗಳಲ್ಲಿ ಉಳಿದಿರುವ ಹಳೆಯ ಕೋವಿಯ ಪರವಾನಗಿದಾರರು ತೀರಿಕೊಂಡರೆ, ವಾರಸುದಾರರು ಅದನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇರಿಸಿ, 2016ರ ಶಸ್ತ್ರಾಸ್ತ್ರ ನಿಯಮಗಳಂತೆ ತಮ್ಮ ಹೆಸರಿಗೆ ಪರವಾನಗಿ ಕೋರಬೇಕು.

ಪರವಾನಗಿ ಬಂದರೂ ಗುಂಡು ಹಾರಿಸುವ ಆತುರ ಬೇಡ. ಕೋವಿಯನ್ನು ಮಡಚಿ, ಒಳಗೆ ತೋಟೆ (ಕಾರ್ತೂಸು) ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯೊಳಗೆ ತುಕ್ಕು ತಿಂದ ಗುಳಿಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೊರಮೈಯಲ್ಲಿ ಸುರುಳಿ ಗೆರೆಗಳಿದ್ದರೆ ಅದು ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ. ಇಂದಿನ ಹೊಗೆರಹಿತ ಮದ್ದಿಗೆ ಒಡೆಯಬಹುದು, ಗೋಡೆಯಲ್ಲಿರುವುದೇ ಲೇಸು. ತೋಟೆ ಕೂರುವ ಕೋಣೆ 65 ಮಿ.ಮೀ. ಉದ್ದವಿರುವ ಹಳೆಯ 12 ಬೋರ್ (ನಳಿಗೆಯ ಒಳಅಳತೆ) ಕೋವಿಯಲ್ಲಿ 70 ಮಿ.ಮೀ. ತೋಟೆ ಸಲೀಸಾಗಿ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಹವ್ಯಾಸದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬೆಳೆ ಹಾಳುಮಾಡುವ ಕಾಡುಹಂದಿಯ ವಿಷಯದಲ್ಲಿ ಕೇರಳವು 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೂ ಅದನ್ನು ಕೊಲ್ಲಲು ಆದೇಶಿಸುವ ಅಧಿಕಾರ ನೀಡಿದ್ದು, ಅಂತಹ ಆದೇಶವಿಲ್ಲದೆ ತೋಟಕ್ಕೆ ಕೋವಿ ಒಯ್ಯಬಾರದು.